ಗ್ರಂಥನಿಷೇಧವೂ ಸಾಹಿತ್ಯಪತ್ರಿಕೆಯ ಧರ್ಮವೂ

ಗ್ರಂಥವೊಂದು ಅಚ್ಚಾಗಿ ಹೊರಬಂದ ಮೇಲೆ ಅದು ಲೇಖಕನೊಬ್ಬನ ಸೊತ್ತಾಗಿ ಉಳಿಯುವುದಿಲ್ಲ. ಅದನ್ನು ಒಪ್ಪುವವರೂ ಓದುತ್ತಾರೆ, ಒಪ್ಪದವರೂ ಓದುತ್ತಾರೆ. ಓದದೆಯೇ ತೀರ್ಪು ಹೇಳುವವರೂ ಇರುತ್ತಾರೆ. ಒಪ್ಪಿಗೆಯಾಗದ ಗ್ರಂಥವನ್ನು ಸಮಾಜವು ಎದುರಿಸುವ ಮಾರ್ಗಗಳು ಮುಖ್ಯವಾಗಿ ಎರಡು. ಅದರ ಮಾತಿಗೆ ಪ್ರಮಾಣಪೂರ್ವಕವಾದ ಮಾತಿನಿಂದ ಉತ್ತರ ಕೊಡುವುದು ಮೊದಲನೆಯದು. ಅದು ಓದುಗನ ಕೈಗೆ ಸಿಕ್ಕದಂತೆ ಮಾಡುವುದು ಎರಡನೆಯದು. ಮೊದಲನೆಯ ಮಾರ್ಗಕ್ಕೆ ಸಾಹಿತ್ಯಪತ್ರಿಕೆಯು ಸಾಧನ. ಎರಡನೆಯದಕ್ಕೆ ಸರ್ಕಾರದ ಮುಟ್ಟುಗೋಲಿನ ಆಜ್ಞೆಯು ಸಾಧನ. ಕನ್ನಡ ನಾಡಿನಲ್ಲಿ ಇವೆರಡೂ ಬಳಕೆಯಾಗಿವೆ. ಶರಣರ ಚರಿತ್ರೆ ಮತ್ತು ವಚನಗಳಿಗೆ ಸಂಬಂಧಿಸಿದ ಗ್ರಂಥಗಳು ಇಂತಹ ವಿವಾದಗಳಲ್ಲಿ ಮತ್ತೆ ಮತ್ತೆ ಸಿಲುಕಿರುವುದರಿಂದ ಭಕ್ತರಿಗೂ ಸಾಹಿತ್ಯದ ಅಭ್ಯಾಸಿಗಳಿಗೂ ಈ ವಿಷಯ ದೂರದ್ದಲ್ಲ.

ಕಡೂರು, ತರೀಕೆರೆ, ಅಜ್ಜಂಪುರಗಳ ಸಾಹಿತ್ಯಚರಿತ್ರೆಯಿಂದಲೇ ಈ ವಿಚಾರವನ್ನು ಆರಂಭಿಸಬಹುದು. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ೧೧೯೬ರಲ್ಲಿ ನಿರ್ಮಿತವಾದ ಅಮೃತೇಶ್ವರ ದೇವಾಲಯದ ಶಾಸನವನ್ನು ರಚಿಸಿದವನು ಜೈನಕವಿಯಾದ ಜನ್ನ. ಶಿವಾಲಯದ ಶಾಸನಕ್ಕೆ ಜೈನಕವಿಯ ಲೇಖನಿ ಅಡ್ಡಿಯೆನಿಸಲಿಲ್ಲ. ಅದೇ ಜನ್ನನು ‘ಯಶೋಧರ ಚರಿತೆ’ಯಲ್ಲಿ ಪಟ್ಟದ ರಾಣಿಯೊಬ್ಬಳು ಆನೆಯ ಮಾವಟಿಗನಿಗೆ ಮನಸೋತ ಕಥೆಯನ್ನು ಹೇಳಿದನು. ವಿಷಯವು ಸೂಕ್ಷ್ಮವಾದುದು, ಆದರೂ ಎಂಟು ಶತಮಾನಗಳಿಂದ ಆ ಕಾವ್ಯವು ಗೌರವದಿಂದ ಓದಿಸಿಕೊಳ್ಳುತ್ತಿದೆ. ಕಡೂರು ತಾಲ್ಲೂಕಿನ ದೇವನೂರು ‘ಜೈಮಿನಿ ಭಾರತ’ದ ಕವಿ ಲಕ್ಷ್ಮೀಶನ ಊರೆಂದು ಪ್ರಸಿದ್ಧವಾಗಿದೆ. ಆ ವೈಷ್ಣವ ಕಥನವನ್ನು ಗಮಕಿಗಳು ಓದುವಾಗ ಕೇಳುಗರ ಮತ ಯಾವುದೆಂದು ವಿಚಾರಿಸುವ ಪದ್ಧತಿ ಇರಲಿಲ್ಲ.

ಆಧುನಿಕ ಕಾಲದಲ್ಲಿ ಅಜ್ಜಂಪುರದ ಹೆಸರನ್ನು ಕನ್ನಡದ ಸಣ್ಣಕಥೆಗೆ ಜೋಡಿಸಿದವರು ‘ಆನಂದ’ ಎಂಬ ಕಾವ್ಯನಾಮದ ಅಜ್ಜಂಪುರ ಸೀತಾರಾಮ್ (೧೯೦೨-೧೯೬೩). ಅವರ ‘ನಾನು ಕೊಂದ ಹುಡುಗಿ’ ಎಂಬ ಕಥೆಯ ವಸ್ತು ಬಸವಿ ಬಿಡುವ ಪದ್ಧತಿ. ದೇವರ ಹೆಸರಿನಲ್ಲಿ ಬಿಟ್ಟ ಹುಡುಗಿ. ಅವಳಿಗೆ ಅದು ತಪ್ಪೆಂದು ತಿಳಿಯಹೇಳುವ ವಿದ್ಯಾವಂತ ಅತಿಥಿ. ಆ ತಿಳಿವಿನ ಭಾರವನ್ನು ತಾಳಲಾರದೆ ಅವಳು ಪ್ರಾಣ ಬಿಡುವುದು—ಇಷ್ಟೇ ಕಥೆ. ಧರ್ಮದ ಹೆಸರಿನಲ್ಲಿ ನಡೆಯುತ್ತಿದ್ದ ಆಚರಣೆಯನ್ನು ಈ ಕಥೆ ಮರೆಮಾಚಲಿಲ್ಲ. ಸುಧಾರಕನ ಅಹಂಕಾರವನ್ನೂ ಬಿಡಲಿಲ್ಲ. ಹೆಸರನ್ನು ಮಾತ್ರ ಕೇಳಿ, ವಸ್ತುವನ್ನು ಮಾತ್ರ ತಿಳಿದು, ಇಂತಹ ಕಥೆ ಬೇಡವೆನ್ನುವುದು ಸುಲಭ. ಓದಿದವರಿಗೆ ಅದು ಕರುಣೆಯ ಕಥೆಯೆಂದು ತಿಳಿಯುತ್ತದೆ. ಗ್ರಂಥವು ಓದುಗನ ಮುಂದೆ ಇದ್ದಾಗ ಮಾತ್ರ ಈ ವ್ಯತ್ಯಾಸವು ಕಾಣುತ್ತದೆ ಎಂಬುದು ಇಲ್ಲಿ ಗಮನಿಸತಕ್ಕ ಅಂಶ.

ಸೀತಾರಾಮರ ಬಾಲ್ಯಕಾಲದಲ್ಲಿ ಈ ಮೂರು ಊರುಗಳು ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿದ್ದವು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಅಂದು ಇದ್ದ ಹೆಸರೇ ಕಡೂರು ಜಿಲ್ಲೆ. ದಿವಾನ್ ವಿ. ಪಿ. ಮಾಧವರಾಯರ ಆಡಳಿತದಲ್ಲಿ, ೧೯೦೮ರಲ್ಲಿ, ಸಂಸ್ಥಾನವು ವೃತ್ತಪತ್ರಿಕೆಗಳ ಕಾಯಿದೆಯೊಂದನ್ನು ಜಾರಿಗೆ ತಂದಿತು. ಪತ್ರಿಕೆಯನ್ನು ಹೊರಡಿಸಲು ಸರ್ಕಾರದ ಅಪ್ಪಣೆ ಬೇಕೆಂಬುದೂ, ಕೊಟ್ಟ ಅಪ್ಪಣೆಯನ್ನು ಸರ್ಕಾರ ಹಿಂತೆಗೆದುಕೊಳ್ಳಬಹುದೆಂಬುದೂ ಅದರ ತಿರುಳು. ‘ತಾತಯ್ಯ’ನೆಂದು ಜನರು ಗೌರವದಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರೇ ಮೊದಲಾದ ಸಂಪಾದಕರು ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅಪ್ಪಣೆಯ ಮೇಲೆ ಬದುಕುವ ಪತ್ರಿಕೆಗಿಂತ ಮೌನವೇ ಮೇಲೆಂಬುದು ಅವರ ನಿಲುವು. ಈ ಭಾಗದಲ್ಲಿ ಲೇಖನಸ್ವಾತಂತ್ರ್ಯದ ಪ್ರಶ್ನೆಗೆ ಒಂದು ಶತಮಾನಕ್ಕೂ ಮಿಕ್ಕ ವಯಸ್ಸಾಗಿದೆಯೆಂದು ಇದರಿಂದ ತಿಳಿಯಬಹುದು.

ವೃತ್ತಪತ್ರಿಕೆಗೂ ಸಾಹಿತ್ಯಪತ್ರಿಕೆಗೂ ಒಂದು ಭೇದವುಂಟು. ವೃತ್ತಪತ್ರಿಕೆಯು ನಡೆದುದನ್ನು ತಿಳಿಸುತ್ತದೆ. ಸಾಹಿತ್ಯಪತ್ರಿಕೆಯು ಬರೆದುದನ್ನು ಪರೀಕ್ಷಿಸುತ್ತದೆ. ಅದು ಹೊಸ ಲೇಖಕನಿಗೆ ಮೊದಲ ಆಶ್ರಯ. ಹಳೆಯ ಗ್ರಂಥಕ್ಕೆ ಎರಡನೆಯ ಜನ್ಮ. ವಚನ ವಾಙ್ಮಯದ ಮಟ್ಟಿಗೆ ಈ ಮಾತು ಅಕ್ಷರಶಃ ಸತ್ಯ. ಫ. ಗು. ಹಳಕಟ್ಟಿಯವರು (೧೮೮೦-೧೯೬೪) ಮಠಗಳಲ್ಲಿಯೂ ಮನೆಗಳಲ್ಲಿಯೂ ತಾಳೆಯೋಲೆಗಳಾಗಿ ಉಳಿದಿದ್ದ ವಚನಗಳನ್ನು ಶೋಧಿಸಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಆ ಪತ್ರಿಕೆಯು ಶರಣರ ಮಾತನ್ನು ಪೂಜೆಯ ಕಟ್ಟಿನಿಂದ ಬಿಡಿಸಿ ಓದಿನ ಕಟ್ಟಿಗೆ ತಂದಿತು. ಅದರ ಜೊತೆಯಲ್ಲಿಯೇ ಪಾಠಾಂತರ, ಕಾಲನಿರ್ಣಯ, ಅಂಕಿತನಿರ್ಣಯಗಳ ಚರ್ಚೆಯೂ ಬಂದಿತು. ವಚನಗಳನ್ನು ಅಚ್ಚಿಗೆ ಕೊಡುವುದೆಂದರೆ ಅವುಗಳನ್ನು ಪ್ರಶ್ನೆಗೆ ಕೊಡುವುದೂ ಹೌದು.

ಮುಂದಿನ ಕಾಲದಲ್ಲಿ ಆಕ್ಷೇಪಗಳ ಸ್ವರೂಪ ಬದಲಾಯಿತು. ಅ. ನ. ಕೃಷ್ಣರಾಯರು ವೇಶ್ಯಾಜೀವನವನ್ನು ಕುರಿತು ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಎಂಬ ಕಾದಂಬರಿಗಳನ್ನು ಬರೆದಾಗ ಅಶ್ಲೀಲತೆಯ ಆರೋಪ ಬಂದಿತು. ಅದಕ್ಕೆ ಅವರು ಕೊಟ್ಟ ಉತ್ತರವೂ ಒಂದು ಗ್ರಂಥವೇ: ‘ಸಾಹಿತ್ಯ ಮತ್ತು ಕಾಮಪ್ರಚೋದನೆ’. ಆರೋಪಿಸಿದವರೂ ಬರೆದರು, ಆರೋಪಕ್ಕೊಳಗಾದವರೂ ಬರೆದರು. ತೀರ್ಮಾನವು ಓದುಗರಿಗೆ ಉಳಿಯಿತು.

೧೯೭೫ರ ಜೂನ್ ೨೫ರಂದು ಘೋಷಿತವಾದ ತುರ್ತುಪರಿಸ್ಥಿತಿಯು ೧೯೭೭ರ ಮಾರ್ಚಿಯವರೆಗೆ ನಡೆಯಿತು. ಆ ಅವಧಿಯಲ್ಲಿ ಪ್ರಕಟಣೆಗೆ ಮೊದಲೇ ಬರೆಹವನ್ನು ಅಧಿಕಾರಿಗೆ ತೋರಿಸಬೇಕೆಂಬ ನಿರ್ಬಂಧ ಬಂದಿತು. ಧಾರವಾಡದಿಂದ ‘ಸಂಕ್ರಮಣ’ ಸಾಹಿತ್ಯಪತ್ರಿಕೆಯನ್ನು ನಡೆಸುತ್ತಿದ್ದ ಚಂದ್ರಶೇಖರ ಪಾಟೀಲರು ಅಂದು ಸೆರೆವಾಸವನ್ನು ಅನುಭವಿಸಿದರು. ೧೯೬೦ರ ದಶಕದ ಮಧ್ಯದಲ್ಲಿ ಅವರೂ ಗಿರಡ್ಡಿ ಗೋವಿಂದರಾಜರೂ ಸಿದ್ಧಲಿಂಗ ಪಟ್ಟಣಶೆಟ್ಟಿಯವರೂ ಕೂಡಿ ಆರಂಭಿಸಿದ ಆ ಪತ್ರಿಕೆಯು ಮೊದಲು ನವ್ಯರಿಗೆ, ಅನಂತರ ಬಂಡಾಯದ ಲೇಖಕರಿಗೆ ವೇದಿಕೆಯಾಯಿತು. ಬೆಂಗಳೂರಿನಲ್ಲಿ ೧೯೭೩ರಲ್ಲಿ ಹುಟ್ಟಿದ ‘ಶೂದ್ರ’ ಪತ್ರಿಕೆಯೂ ಅದೇ ಬಗೆಯದು. ಇವು ಸಂಪತ್ತಿನ ಬಲದಿಂದ ನಡೆದ ಪತ್ರಿಕೆಗಳಲ್ಲ. ಚಂದಾದಾರರ ವಿಶ್ವಾಸದಿಂದ ನಡೆದವು. ಕಡೂರು, ಬೀರೂರು, ಅಜ್ಜಂಪುರಗಳು ಬೆಂಗಳೂರಿನಿಂದ ಧಾರವಾಡದ ಕಡೆಗೆ ಹೋಗುವ ರೈಲುದಾರಿಯ ಮೇಲಿವೆ. ತರೀಕೆರೆಯು ಬೀರೂರಿನಿಂದ ಶಿವಮೊಗ್ಗದ ಕಡೆಗೆ ಕವಲೊಡೆಯುವ ದಾರಿಯಲ್ಲಿದೆ. ಎರಡು ಸಾಹಿತ್ಯಕೇಂದ್ರಗಳ ನಡುವಣ ಇಂತಹ ಚಿಕ್ಕ ಊರುಗಳ ಓದುಗರೇ ಈ ಪತ್ರಿಕೆಗಳ ನಿಜವಾದ ಆಸ್ತಿ.

ಇನ್ನು ಕಾಯಿದೆಯ ವಿಚಾರ. ‘ನಿಷೇಧ’ವೆಂದು ಜನರು ಕರೆಯುವುದಕ್ಕೆ ಕಾಯಿದೆಯಲ್ಲಿರುವ ಹೆಸರು ‘ಮುಟ್ಟುಗೋಲು’. ೧೯೭೩ರ ದಂಡಪ್ರಕ್ರಿಯಾ ಸಂಹಿತೆಯ ೯೫ನೆಯ ಕಲಮಿನಂತೆ, ಗ್ರಂಥವೊಂದರಲ್ಲಿ ಕೋಮುದ್ವೇಷ, ಧಾರ್ಮಿಕ ಭಾವನೆಗಳಿಗೆ ಉದ್ದೇಶಪೂರ್ವಕ ಅಪಮಾನ, ಅಶ್ಲೀಲತೆ ಮೊದಲಾಗಿ ನಿರ್ದಿಷ್ಟ ಅಪರಾಧಗಳಿಗೆ ಸಂಬಂಧಿಸಿದ ವಿಷಯವಿದೆಯೆಂದು ಕಂಡಾಗ ರಾಜ್ಯ ಸರ್ಕಾರವು ಅಧಿಸೂಚನೆ ಹೊರಡಿಸಿ ಅದರ ಎಲ್ಲ ಪ್ರತಿಗಳನ್ನೂ ಮುಟ್ಟುಗೋಲು ಹಾಕಿಕೊಳ್ಳಬಹುದು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದೇ ಅಧಿಕಾರವು ೯೮ನೆಯ ಕಲಮಿನಲ್ಲಿದೆ. ಈ ಅಧಿಕಾರಕ್ಕೆ ಎರಡು ಕಟ್ಟುಗಳಿವೆ. ಒಂದು, ಅಧಿಸೂಚನೆಯಲ್ಲಿ ಕಾರಣಗಳನ್ನು ಹೇಳಲೇಬೇಕು. ಕಾರಣ ಹೇಳದ ಆಜ್ಞೆ ನಿಲ್ಲದೆಂದು ಸರ್ವೋಚ್ಚ ನ್ಯಾಯಾಲಯವು ೧೯೬೧ರಲ್ಲಿಯೇ ಹರ್ನಾಮ್ ದಾಸ್ ಪ್ರಕರಣದಲ್ಲಿ ತೀರ್ಮಾನಿಸಿತು. ಎರಡು, ಗ್ರಂಥದಲ್ಲಿ ಹಿತಾಸಕ್ತಿಯುಳ್ಳ ಯಾರೇ ಆಗಲಿ ಎರಡು ತಿಂಗಳೊಳಗಾಗಿ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಕೊಡಬಹುದು. ಆದುದರಿಂದ ಮನಸ್ಸಿಗೆ ಹಿಡಿಸದಿರುವುದು, ಸಂಪ್ರದಾಯಕ್ಕೆ ಹೊಂದದಿರುವುದು, ಇತಿಹಾಸವೆಂದು ಒಪ್ಪಲಾಗದಿರುವುದು—ಇವು ತಾವಾಗಿಯೇ ಮುಟ್ಟುಗೋಲಿಗೆ ಕಾರಣಗಳಲ್ಲ. ಬೇಡಿಕೆ ಸಲ್ಲಿಸುವವರು ಈ ಭೇದವನ್ನು ಮರೆಯುವುದುಂಟು.

ಶರಣ ಸಾಹಿತ್ಯಕ್ಕೆ ಸಂಬಂಧಿಸಿದ ಎರಡು ಪ್ರಕರಣಗಳು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದವು. ಮೊದಲನೆಯದು ಪಿ. ವಿ. ನಾರಾಯಣ ಅವರ ‘ಧರ್ಮಕಾರಣ’. ಬಸವಣ್ಣನವರ ಬದುಕನ್ನು ಆಧರಿಸಿದ ಈ ಕಾದಂಬರಿ ೧೯೯೫ರಲ್ಲಿ ಪ್ರಕಟವಾಗಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೂ ಪಾತ್ರವಾಯಿತು. ಅದರಲ್ಲಿ ಅಕ್ಕನಾಗಮ್ಮನವರನ್ನು ಚಿತ್ರಿಸಿದ ಭಾಗಕ್ಕೆ ತೀವ್ರವಾದ ಆಕ್ಷೇಪ ಬಂದಿತು; ಸರ್ಕಾರವು ಗ್ರಂಥವನ್ನು ಮುಟ್ಟುಗೋಲು ಹಾಕಿತು. ಬರಗೂರು ರಾಮಚಂದ್ರಪ್ಪ ಮೊದಲಾದವರು ನ್ಯಾಯಾಲಯಕ್ಕೆ ಹೋದರು. ೨೦೦೭ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ಕಾರದ ಆಜ್ಞೆಯನ್ನು ಎತ್ತಿಹಿಡಿಯಿತು. ಎರಡನೆಯದು ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’. ಇದರಲ್ಲಿ ಬಸವಣ್ಣನವರ ವಚನಗಳ ‘ಕೂಡಲಸಂಗಮದೇವ’ ಎಂಬ ಅಂಕಿತದ ಸ್ಥಾನದಲ್ಲಿ ‘ಲಿಂಗದೇವ’ ಎಂದು ಮುದ್ರಿಸಲಾಗಿತ್ತು. ೧೯೯೮ರಲ್ಲಿ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿತು. ೨೦೧೭ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೂ ಎತ್ತಿಹಿಡಿಯಿತು.

ನ್ಯಾಯಾಲಯದ ತೀರ್ಪು ಸರ್ಕಾರಕ್ಕೆ ಆ ಅಧಿಕಾರವಿದೆಯೆಂದು ಹೇಳುತ್ತದೆ. ಆ ಅಧಿಕಾರವನ್ನು ಬಳಸೆಂದು ವಿದ್ವತ್ಸಮಾಜವು ಕೇಳಬೇಕೇ ಎಂಬುದು ಬೇರೆ ಪ್ರಶ್ನೆ; ಅದಕ್ಕೆ ಉತ್ತರ ಕೊಡಬೇಕಾದವರು ಓದುಗರು ಮತ್ತು ವಿದ್ವಾಂಸರು. ಎರಡನೆಯ ಪ್ರಕರಣವನ್ನೇ ತೆಗೆದುಕೊಳ್ಳೋಣ. ಅಂಕಿತವನ್ನು ಬದಲಿಸುವುದು ಪಾಠಸಂಪಾದನೆಯ ನಿಯಮಕ್ಕೆ ವಿರುದ್ಧವೆಂಬುದರಲ್ಲಿ ಸಂದೇಹವಿಲ್ಲ. ವಚನಕಾರನ ಅಂಕಿತವು ಅವನ ಹಸ್ತಾಕ್ಷರವಿದ್ದಂತೆ. ಆದರೆ ಈ ತಪ್ಪನ್ನು ತೋರಿಸಿಕೊಡುವ ಸಾಧನ ಯಾವುದು? ಹಸ್ತಪ್ರತಿಗಳು, ಅವುಗಳನ್ನು ಆಧರಿಸಿದ ಪರಿಷ್ಕರಣಗಳು. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ೧೯೯೩ರಲ್ಲಿ ಹೊರಬಂದ ಸಮಗ್ರ ವಚನ ಸಾಹಿತ್ಯದ ೧೫ ಸಂಪುಟಗಳು ಸರ್ಕಾರವೇ ಪ್ರಕಟಿಸಿದ ಗ್ರಂಥಮಾಲೆ. ಅದರ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಎರಡು ಪುಟಗಳನ್ನು ಹೋಲಿಸಿದ ವಿದ್ಯಾರ್ಥಿಗೆ ಮೂಲ ಅಂಕಿತ ಯಾವುದೆಂದು ತಾನಾಗಿಯೇ ತಿಳಿಯುತ್ತದೆ. ತಪ್ಪಿದ ಪ್ರತಿಯನ್ನು ಮರೆಮಾಡಿದರೆ ಈ ಹೋಲಿಕೆಯ ಪಾಠ ಇಲ್ಲವಾಗುತ್ತದೆ. ತಪ್ಪೇನಾಗಿತ್ತೆಂಬುದೂ ಕೇಳಿದ ಮಾತಾಗಿ ಉಳಿಯುತ್ತದೆ.

ಮುಟ್ಟುಗೋಲಿನ ಆಜ್ಞೆಯಿಲ್ಲದೆಯೂ ಗ್ರಂಥವನ್ನು ಅಡಗಿಸಬಹುದು. ಸಭೆಯ ಒತ್ತಡ, ಬೆದರಿಕೆ, ಬಹಿಷ್ಕಾರ ಇವು ಕಾಯಿದೆಯ ಪುಸ್ತಕದಲ್ಲಿಲ್ಲದ ನಿಷೇಧಗಳು. ಕಲಬುರ್ಗಿಯವರ ‘ಮಾರ್ಗ’ ಸಂಪುಟದಲ್ಲಿ ಶರಣರ ಕುಟುಂಬದ ವ್ಯಕ್ತಿಗಳನ್ನು ಕುರಿತು ಇದ್ದ ಕೆಲವು ಸಂಶೋಧನ ವಿಚಾರಗಳು ೧೯೮೯ರಲ್ಲಿ ದೊಡ್ಡ ವಿವಾದಕ್ಕೆ ಕಾರಣವಾದವು. ಒತ್ತಡಕ್ಕೆ ಒಳಗಾಗಿ ಅವರು ತಮ್ಮ ಹೇಳಿಕೆಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದು ತಮ್ಮ ಬೌದ್ಧಿಕ ಜೀವನಕ್ಕೆ ಬಿದ್ದ ಮರಣದ ಪೆಟ್ಟೆಂದು ಅವರು ಭಾವಿಸಿದ್ದರು. ಆದರೂ ಅವರು ಸಂಶೋಧನೆಯನ್ನು ಬಿಡಲಿಲ್ಲ. ಅದೇ ಮಾಲೆಯ ‘ಮಾರ್ಗ-೪’ಕ್ಕೆ ೨೦೦೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ೨೦೧೫ರ ಆಗಸ್ಟ್ ೩೦ರಂದು ಧಾರವಾಡದ ತಮ್ಮ ಮನೆಯಲ್ಲಿಯೇ ಅವರು ಗುಂಡಿಗೆ ಬಲಿಯಾದರು. ವಚನಗಳ ಶುದ್ಧ ಪಾಠವನ್ನು ನಾಡಿಗೆ ಒದಗಿಸಿಕೊಟ್ಟ ವಿದ್ವಾಂಸನ ಗತಿ ಇದಾಯಿತು.

ಆ ಹತ್ಯೆಗೆ ಲೇಖಕರು ಕೊಟ್ಟ ಉತ್ತರದಲ್ಲಿ ತರೀಕೆರೆಯ ಹೆಸರೂ ಇದೆ. ತರೀಕೆರೆ ತಾಲ್ಲೂಕಿನಲ್ಲಿ ಹುಟ್ಟಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ರಹಮತ್ ತರೀಕೆರೆಯವರು ‘ಕತ್ತಿಯಂಚಿನ ದಾರಿ’ ಎಂಬ ವಿಮರ್ಶಾಗ್ರಂಥಕ್ಕೆ ೨೦೧೦ರಲ್ಲಿ ಬಂದ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ೨೦೧೫ರ ಅಕ್ಟೋಬರಿನಲ್ಲಿ ಹಿಂದಿರುಗಿಸಿದರು. ಕರ್ನಾಟಕದ ಸೂಫಿಗಳನ್ನೂ ನಾಥಪಂಥವನ್ನೂ ಊರೂರು ಅಲೆದು ಅಧ್ಯಯನ ಮಾಡಿದ ಈ ವಿದ್ವಾಂಸರಿಗೆ, ಮತಗಳ ನಡುವಣ ಹಾದಿಗಳಲ್ಲಿ ನಡೆಯುವವನ ಕಷ್ಟ ತಿಳಿದ ವಿಷಯವೇ. ‘ಸಂಕ್ರಮಣ’ದ ಚಂದ್ರಶೇಖರ ಪಾಟೀಲರು ಅದೇ ವರ್ಷ ಪಂಪ ಪ್ರಶಸ್ತಿಯನ್ನು ಹಿಂದಿರುಗಿಸಿದರು. ೨೦೧೫ರ ಅಕ್ಟೋಬರ್ ೨೩ರಂದು ಅಕಾಡೆಮಿಯ ಕಾರ್ಯಕಾರಿ ಮಂಡಲಿಯು ಹತ್ಯೆಯನ್ನು ಖಂಡಿಸಿತು.

ಹೊರನಾಡುಗಳಲ್ಲಿಯೂ ಸಾಹಿತ್ಯಪತ್ರಿಕೆಗಳು ಇದೇ ಹೊಣೆಯನ್ನು ಹೊತ್ತಿವೆ. ಸೋವಿಯತ್ ಒಕ್ಕೂಟದಲ್ಲಿ ಲೇಖಕರ ಮೇಲೆ ನಡೆದ ವಿಚಾರಣೆಗಳನ್ನು ಪ್ರತಿಭಟಿಸಿದವರ ಮನವಿಗೆ ಓಗೊಟ್ಟು ಕವಿ ಸ್ಟೀಫನ್ ಸ್ಪೆಂಡರ್ ಮೊದಲಾದವರು ಮಾಡಿದ ಪ್ರಯತ್ನದ ಫಲವಾಗಿ ೧೯೭೨ರಲ್ಲಿ ಲಂಡನ್ನಿನಿಂದ ‘ಇಂಡೆಕ್ಸ್ ಆನ್ ಸೆನ್ಸಾರ್‌ಶಿಪ್’ ಪತ್ರಿಕೆ ಹೊರಟಿತು. ತಮ್ಮ ದೇಶದಲ್ಲಿ ಅಚ್ಚಾಗಲಾರದ ಬರೆಹಗಳಿಗೆ ಅದು ಎಡೆಕೊಟ್ಟಿತು. ನೆರೆಯ ತಮಿಳುನಾಡಿನಲ್ಲಿ ಸುಂದರ ರಾಮಸ್ವಾಮಿಯವರು ೧೯೮೮ರಲ್ಲಿ ಆರಂಭಿಸಿದ ‘ಕಾಲಚ್ಚುವಡು’ ಪತ್ರಿಕೆಯ ಹೆಸರಿನ ಪ್ರಕಾಶನವೇ ಪೆರುಮಾಳ್ ಮುರುಗನ್ ಅವರ ‘ಮಾದೊರುಬಾಗನ್’ ಕಾದಂಬರಿಯನ್ನು ಪ್ರಕಟಿಸಿತು. ಪ್ರತಿಭಟನೆಗಳಿಂದ ನೊಂದ ಲೇಖಕರು ೨೦೧೫ರ ಜನವರಿಯಲ್ಲಿ ತಮ್ಮೊಳಗಿನ ಬರೆಹಗಾರ ಸತ್ತನೆಂದು ಸಾರಿದರು. ೨೦೧೬ರ ಜುಲೈಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಲೇಖಕರ ಪರವಾಗಿ ತೀರ್ಪು ಕೊಟ್ಟ ಮೇಲೆ ಅವರು ಮತ್ತೆ ಬರೆಯತೊಡಗಿದರು.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ: ಭಕ್ತನ ನೋವಿಗೆ ಬೆಲೆಯಿಲ್ಲವೇ? ಖಂಡಿತವಾಗಿಯೂ ಇದೆ. ಇಷ್ಟದೈವವನ್ನೂ ಪೂಜ್ಯ ಶರಣರನ್ನೂ ಕುರಿತು ಹಗುರವಾಗಿ ಬರೆದುದನ್ನು ಓದಿದವನ ಸಂಕಟ ನಿಜವಾದುದು. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ವಿದ್ವತ್ತಲ್ಲ. ನಿಷೇಧವನ್ನು ವಿರೋಧಿಸುವುದೆಂದರೆ ಗ್ರಂಥವನ್ನು ಒಪ್ಪುವುದೆಂದೂ ಅರ್ಥವಲ್ಲ. ಪ್ರಶ್ನೆಯಿರುವುದು ಆ ನೋವಿಗೆ ತಕ್ಕ ಮಾತು ಯಾವುದೆಂಬುದರಲ್ಲಿ. ಇದಕ್ಕೆ ವೀರಶೈವ ಸಾಹಿತ್ಯವೇ ಉತ್ತರವನ್ನು ಇಟ್ಟುಕೊಂಡಿದೆ.

ಶಿವಗಣಪ್ರಸಾದಿ ಮಹಾದೇವಯ್ಯನು ಹದಿನೈದನೆಯ ಶತಮಾನದಲ್ಲಿ ಶರಣರ ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿ ‘ಶೂನ್ಯಸಂಪಾದನೆ’ಯನ್ನು ಸಂಕಲಿಸಿದನು. ಅನಂತರ ಬಂದ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಇದ್ದಂತೆಯೇ ಒಪ್ಪಲಿಲ್ಲ. ಸಿದ್ಧರಾಮನ ಇಷ್ಟಲಿಂಗದೀಕ್ಷೆಯಂತಹ ಮುಖ್ಯ ಪ್ರಸಂಗದಲ್ಲಿಯೇ ಈ ಸಂಕಲನಗಳು ಒಂದೇ ಮಾತನ್ನು ಹೇಳುವುದಿಲ್ಲ. ಭಕ್ತರಿಗೆ ಇದು ಸಣ್ಣ ವಿಷಯವಲ್ಲ. ಆದರೆ ಭಿನ್ನಮತವಿದ್ದವರು ಮಾಡಿದುದೇನು? ಹಿಂದಿನ ಗ್ರಂಥವನ್ನು ನಾಶಮಾಡಲಿಲ್ಲ. ಮತ್ತೊಂದು ಶೂನ್ಯಸಂಪಾದನೆಯನ್ನು ಸಂಕಲಿಸಿದರು. ಹೀಗೆ ನಾಲ್ಕು ಪರಿಷ್ಕರಣಗಳಾದವು, ನಾಲ್ಕೂ ಉಳಿದುಬಂದವು. ಇಂದಿನ ವಿದ್ಯಾರ್ಥಿಯು ಅವುಗಳನ್ನು ಹೋಲಿಸಿ, ಯಾವ ಕಾಲದಲ್ಲಿ ಯಾವ ವಿಚಾರ ಬಲಗೊಂಡಿತೆಂದು ಅರಿಯಬಲ್ಲನು. ಬಸವಣ್ಣನವರ ಚರಿತ್ರೆಯ ವಿವರಗಳಲ್ಲಿಯೂ ಹರಿಹರನ ರಗಳೆಗೂ ೧೩೬೯ರ ಭೀಮಕವಿಯ ‘ಬಸವಪುರಾಣ’ಕ್ಕೂ ಅನೇಕ ವ್ಯತ್ಯಾಸಗಳಿವೆ. ಎರಡನ್ನೂ ಪರಂಪರೆಯು ಕಾಪಾಡಿಕೊಂಡು ಬಂದಿತು. ಶೂನ್ಯಸಂಪಾದನೆಯ ಒಳಗಿನ ಕ್ರಮವೂ ಇಂತಹುದೇ: ಅಲ್ಲಮಪ್ರಭು ಮುಕ್ತಾಯಕ್ಕನನ್ನೂ ಸಿದ್ಧರಾಮನನ್ನೂ ಅಕ್ಕಮಹಾದೇವಿಯನ್ನೂ ಪ್ರಶ್ನಿಸುತ್ತಾನೆ, ಅವರು ಅವನಿಗೆ ಎದುರುತ್ತರ ಕೊಡುತ್ತಾರೆ. ಅಲ್ಲಿ ಯಾರ ಮಾತನ್ನೂ ಅಳಿಸಿಲ್ಲ. ಕಠಿಣವಾದ ಪ್ರಶ್ನೆಯು ಅನುಭವಮಂಟಪಕ್ಕೆ ಅಪಚಾರವಾಗಲಿಲ್ಲ. ಅದರ ಕಾರ್ಯವೇ ಆಗಿತ್ತು.

ಸಾಹಿತ್ಯಪತ್ರಿಕೆಯ ಧರ್ಮವನ್ನು ಈ ಮಾದರಿಯಿಂದಲೇ ನಿರ್ಣಯಿಸಬಹುದು. ವಿವಾದಕ್ಕೆ ಸಿಲುಕಿದ ಗ್ರಂಥವನ್ನು ಪೂರ್ಣವಾಗಿ ಓದಿದವರಿಂದಲೇ ಅದರ ವಿಮರ್ಶೆಯನ್ನು ಬರೆಯಿಸುವುದು ಮೊದಲ ಕರ್ತವ್ಯ. ಆಕ್ಷೇಪಕ್ಕೊಳಗಾದ ಭಾಗವನ್ನು ಸಂದರ್ಭಸಹಿತವಾಗಿ ತಿಳಿಸುವುದು ಎರಡನೆಯದು; ಕಿತ್ತುತೆಗೆದ ಒಂದು ವಾಕ್ಯವು ಲೇಖಕನಿಗೂ ಓದುಗನಿಗೂ ಅನ್ಯಾಯ ಮಾಡುತ್ತದೆ. ಲೇಖಕನ ಸಮಾಧಾನವನ್ನೂ ಆಕ್ಷೇಪಿಸಿದವರ ವಾದವನ್ನೂ ಸಮಾನ ಗೌರವದಿಂದ ಪ್ರಕಟಿಸುವುದು ಮೂರನೆಯದು. ಇತಿಹಾಸವೆಂದು ಹೇಳಿದ ಮಾತಿಗೆ ಶಾಸನ, ಹಸ್ತಪ್ರತಿಗಳ ಪ್ರಮಾಣವನ್ನು ಕೇಳುವುದು ನಾಲ್ಕನೆಯದು. ಕಲ್ಪನೆಯೆಂದು ಹೇಳಿದುದನ್ನು ಕಲ್ಪನೆಯೆಂದೇ ಪರೀಕ್ಷಿಸಬೇಕು. ದ್ವೇಷವನ್ನು ಕೆರಳಿಸುವುದಕ್ಕಾಗಿಯೇ ಬರೆದುದಕ್ಕೂ ಪ್ರಾಮಾಣಿಕವಾಗಿ ತಪ್ಪಿದುದಕ್ಕೂ ಇರುವ ಭೇದವನ್ನು ಮರೆಯದಿರುವುದು ಐದನೆಯದು. ಬೆದರಿಕೆಗೆ ಒಳಗಾದ ಲೇಖಕನ ಜೊತೆಗೆ, ಅವನ ಅಭಿಪ್ರಾಯವನ್ನು ಒಪ್ಪದಿದ್ದಾಗಲೂ, ನಿಲ್ಲುವುದು ಆರನೆಯದು. ಇದೇ ಎಲ್ಲಕ್ಕಿಂತ ಕಠಿಣವಾದುದು. ಪತ್ರಿಕೆಯ ಸತ್ತ್ವವು ಇದರಿಂದಲೇ ತಿಳಿಯುತ್ತದೆ.

ಇಂತಹ ಕಾರ್ಯ ನಿಧಾನವಾದುದು. ಅಧಿಸೂಚನೆಯು ಒಂದು ದಿನದಲ್ಲಿ ಹೊರಡುತ್ತದೆ. ಪಾಠನಿರ್ಣಯಕ್ಕೆ ವರ್ಷಗಳು ಬೇಕು. ಆದರೆ ಅಧಿಸೂಚನೆಯಿಂದ ಮುಚ್ಚಿದ ಪ್ರಶ್ನೆ ಮತ್ತೆ ಏಳುತ್ತದೆ. ಪ್ರಮಾಣದಿಂದ ತೀರಿದ ಪ್ರಶ್ನೆ ವಿದ್ಯೆಯಾಗಿ ನಿಲ್ಲುತ್ತದ. ಹಳಕಟ್ಟಿಯವರು ತಾಳೆಯೋಲೆಗಳನ್ನು ಶೋಧಿಸಿದಾಗ ಅವರಿಗೆ ನೆರವಾದುದು ಯಾರೋ ಅವುಗಳನ್ನು ಹಾಳುಮಾಡದೆ ಇಟ್ಟಿದ್ದರೆಂಬ ಸಂಗತಿ. ಇಂದು ಅಚ್ಚಾಗುತ್ತಿರುವ ಗ್ರಂಥಗಳಲ್ಲಿ ಯಾವುದು ಉಳಿಯತಕ್ಕದ್ದು, ಯಾವುದು ಅಳಿಯತಕ್ಕದ್ದು ಎಂಬುದನ್ನು ಮುಂದಿನ ಓದುಗರು ನಿರ್ಣಯಿಸಲಿ. ಆ ನಿರ್ಣಯಕ್ಕೆ ಬೇಕಾದ ಪುಟಗಳನ್ನೂ, ಅವುಗಳಿಗೆ ಕೊಟ್ಟ ಉತ್ತರಗಳನ್ನೂ ಒಟ್ಟಿಗೆ ಉಳಿಸಿ ಅವರ ಕೈಗೆ ಮುಟ್ಟಿಸುವುದು ಇಂದಿನವರ ಹೊಣೆ.